ಕಗೇರಾ ನದಿಯ ಸಾಕ್ಷ್ಯ: ಪರದೇಶದ ಸರ್ವಾಧಿಕಾರಿಯ ವಿರುದ್ಧ ಶಸ್ತ್ರವೆತ್ತಬಹುದೇ?

ಕೆಲವು ವಾರಗಳ ಹಿಂದೆ ಭಾನುವಾರದ ಬಲಿಪೂಜೆಯನ್ನು ಮುಗಿಸಿ ಚರ್ಚಿನ ಜಗಲಿಗೆ ಬಂದಾಗ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ನನಗಾಗಿ ಕಾದು ನಿಂತಿದ್ದರು. ವಯಸ್ಸು ಎಂಬತ್ತರ ಸಮೀಪ. ತಾರುಣ್ಯದಲ್ಲಿ ಪೂರ್ವ ಆಫ್ರಿಕಾದ ಉಗಾಂಡ ದೇಶಕ್ಕೆ ಹೋಗಿ, ರಾಜಧಾನಿ ಕಂಪಾಲಾದ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿ ದುಡಿದವರು. 1972ರ ಆಗಸ್ಟ್ ತಿಂಗಳಲ್ಲಿ ಆ ದೇಶದ ಸರ್ವಾಧಿಕಾರಿ ಇದಿ ಅಮೀನ್, ಏಷ್ಯಾ ಮೂಲದವರು ತೊಂಬತ್ತು ದಿನಗಳೊಳಗೆ ಗಂಟುಮೂಟೆ ಕಟ್ಟಬೇಕೆಂದು ಆಜ್ಞೆ ಹೊರಡಿಸಿದಾಗ ಒಂದೇ ಒಂದು ಪೆಟ್ಟಿಗೆಯೊಡನೆ ಹಡಗು ಹತ್ತಿ ಊರಿಗೆ ಮರಳಿದವರು.

“ಫಾದರ್, ಒಂದು ಮಾತು ಬಹಳ ವರ್ಷಗಳಿಂದ ಮನಸ್ಸಿನಲ್ಲಿ ಉಳಿದಿದೆ” ಎಂದು ಅವರು ಆರಂಭಿಸಿದರು. “ಊರಿಗೆ ಬಂದ ಮೇಲೆ ಪ್ರತಿ ಸಂಜೆ ಜಪಸರದ ಕೊನೆಯಲ್ಲಿ ಆ ಮನುಷ್ಯನ ಪತನಕ್ಕಾಗಿ ಪ್ರಾರ್ಥಿಸುತ್ತಿದ್ದೆ. 1979ರಲ್ಲಿ ತಾಂಜಾನಿಯಾದ ಸೈನ್ಯ ಕಂಪಾಲಾವನ್ನು ಹಿಡಿಯಿತೆಂದು ರೇಡಿಯೋದಲ್ಲಿ ಕೇಳಿದ ದಿನ ಇದೇ ಚರ್ಚಿಗೆ ಬಂದು ಒಂದು ಮೇಣದಬತ್ತಿ ಹಚ್ಚಿದೆ. ಕೆಲವು ವರ್ಷಗಳ ಅನಂತರ, ಅಂಗಡಿಯಲ್ಲಿ ನನ್ನೊಡನೆ ಕೆಲಸಕ್ಕಿದ್ದ ಅಲ್ಲಿಯವನೊಬ್ಬನ ಕಾಗದ ಬಂತು. ಅಮೀನ್ ಹೋದ ಮೇಲೆ ಬಂದವರ ಸಿಪಾಯಿಗಳು ಅವನ ಮಗನನ್ನು ಕೊಂದಿದ್ದರು. ನಾನು ಹಚ್ಚಿದ ಆ ಮೇಣದಬತ್ತಿ ತಪ್ಪಾಗಿತ್ತೇ, ಫಾದರ್?”

ನಾನು ಗುರುಮಠದಲ್ಲಿ ತತ್ವಶಾಸ್ತ್ರವನ್ನು ಅಭ್ಯಸಿಸಿದವನು. ನ್ಯಾಯಸಮ್ಮತ ಯುದ್ಧದ ಲಕ್ಷಣಗಳೇನೆಂದು ಯಾರಾದರೂ ಕೇಳಿದ್ದರೆ ನಿಂತಲ್ಲೇ ಒಪ್ಪಿಸಿಬಿಡುತ್ತಿದ್ದೆ. ಆದರೆ ಒಂದು ಮೇಣದಬತ್ತಿಯ ವಿಷಯದಲ್ಲಿ ಉತ್ತರ ಕೂಡಲೇ ಒದಗಲಿಲ್ಲ. “ಯೋಚಿಸಿ ಹೇಳುತ್ತೇನೆ” ಎಂದಷ್ಟೇ ಹೇಳಿ ಅವರನ್ನು ಬೀಳ್ಕೊಟ್ಟೆ. ಅವರ ಅನುಮತಿ ಪಡೆದು ಆ ಯೋಚನೆಯನ್ನೇ ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

ಒಂದು ರಾಷ್ಟ್ರವು ತನ್ನ ಗಡಿಯನ್ನು ದಾಟಿ, ಮತ್ತೊಂದು ರಾಷ್ಟ್ರದ ಕ್ರೂರ ಆಡಳಿತಗಾರನನ್ನು ಸೇನಾಬಲದಿಂದ ಕೆಳಗಿಳಿಸಬಹುದೇ? ಈ ಪ್ರಶ್ನೆಗೆ ಸಿದ್ಧ ಉತ್ತರಗಳು ಎರಡಿವೆ. ಅವರವರ ಮನೆಯ ಜಗಳ ಅವರವರಿಗೆ, ಪರರ ರಾಜ್ಯದಲ್ಲಿ ಕೈಹಾಕುವ ಹಕ್ಕು ಯಾರಿಗೂ ಇಲ್ಲ ಎಂಬುದು ಒಂದು. 1945ರ ವಿಶ್ವಸಂಸ್ಥೆಯ ಸನ್ನದು ಬಹುಮಟ್ಟಿಗೆ ಈ ಮಾತನ್ನೇ ಕಾನೂನಾಗಿಸಿದೆ. ಆತ್ಮರಕ್ಷಣೆ ಮತ್ತು ಭದ್ರತಾ ಮಂಡಳಿಯ ಅನುಮತಿ, ಇವೆರಡೇ ಅದಕ್ಕಿರುವ ಅಪವಾದಗಳು. ದುಷ್ಟನನ್ನು ದಂಡಿಸುವ ಬಲವಿದ್ದೂ ಸುಮ್ಮನಿರುವವನು ಆ ದುಷ್ಟತನದಲ್ಲಿ ಪಾಲುದಾರ ಎಂಬುದು ಇನ್ನೊಂದು ಉತ್ತರ. ಎರಡೂ ಕೇಳುವುದಕ್ಕೆ ಹಿತವಾಗಿವೆ. ಎರಡನ್ನೂ ನಂಬಿ ಜನ ಸತ್ತಿದ್ದಾರೆ.

ಸಿರಾಕ್ಯೂಸಿನ ವೃದ್ಧೆ

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಸೈಪ್ರಸ್ ದ್ವೀಪದ ಅರಸನಿಗಾಗಿ ರಾಜ್ಯಾಡಳಿತವನ್ನು ಕುರಿತು ಒಂದು ಗ್ರಂಥವನ್ನು ಬರೆಯತೊಡಗಿದರು. ಅದರಲ್ಲಿ ಅವರು ಪ್ರಾಚೀನ ಕಾಲದ ಒಂದು ಕಥೆಯನ್ನು ಸ್ಮರಿಸುತ್ತಾರೆ. ಸಿರಾಕ್ಯೂಸ್ ಪಟ್ಟಣವನ್ನು ಡಯೊನೀಸಿಯಸ್ ಎಂಬ ಕ್ರೂರಿ ಆಳುತ್ತಿದ್ದ. ಪಟ್ಟಣವೆಲ್ಲ ಅವನ ಸಾವನ್ನು ಹಾರೈಸುತ್ತಿದ್ದಾಗ ಒಬ್ಬ ವೃದ್ಧೆ ಮಾತ್ರ ಅವನು ದೀರ್ಘಕಾಲ ಬಾಳಲೆಂದು ಬೇಡುತ್ತಿದ್ದಳು. ಸೋಜಿಗಗೊಂಡ ಅರಸ ಅವಳನ್ನು ಕರೆಸಿ ಕಾರಣ ಕೇಳಿದ. ತಾನು ಹುಡುಗಿಯಾಗಿದ್ದಾಗ ಒಬ್ಬ ಪೀಡಕನಿದ್ದನೆಂದೂ, ಅವನು ಸಾಯಲೆಂದು ಹಾರೈಸಿದಾಗ ಅವನಿಗಿಂತ ಕಠಿಣನಾದವನು ಬಂದನೆಂದೂ, ಅವನೂ ಹೋಗಲೆಂದಾಗ ಇವರಿಬ್ಬರನ್ನೂ ಮೀರಿಸಿದ ನೀನು ಬಂದೆಯೆಂದೂ ಅವಳು ನುಡಿದಳು. ನೀನು ಹೋದರೆ ಬರುವವನು ಹೇಗಿರುವನೋ ಎಂಬುದೇ ಅವಳ ಭಯ.

ಈ ಕಥೆಯಿಂದ ಥಾಮಸರು, ದಬ್ಬಾಳಿಕೆಯನ್ನು ಎಂದೆಂದಿಗೂ ಸಹಿಸಬೇಕೆಂಬ ತೀರ್ಮಾನಕ್ಕೆ ಬರುವುದಿಲ್ಲ. ಅದು ಮಿತಿಮೀರಿರದಿದ್ದರೆ ಸಹಿಸುವುದೇ ಲೇಸು. ಅಸಹನೀಯವಾದಾಗ ವ್ಯಕ್ತಿಗಳು ತಮ್ಮ ತಮ್ಮ ಮನಬಂದಂತೆ ಖಡ್ಗವೆತ್ತದೆ ಸಾರ್ವಜನಿಕ ಅಧಿಕಾರದ ಮೂಲಕ ಕ್ರಮ ಕೈಗೊಳ್ಳಬೇಕು ಎನ್ನುತ್ತಾರೆ. ‘ಸುಮ್ಮಾ ತೆಯೊಲಾಜಿಕಾ’ದಲ್ಲಿ ಅವರು ಇನ್ನೊಂದು ಎಚ್ಚರಿಕೆಯನ್ನು ಸೇರಿಸುತ್ತಾರೆ: ಪೀಡಕನ ಆಳ್ವಿಕೆಯಿಂದ ಆಗುತ್ತಿದ್ದ ಹಾನಿಗಿಂತ ಅವನನ್ನು ಉರುಳಿಸುವ ಗಲಭೆಯಿಂದಲೇ ಪ್ರಜೆಗಳಿಗೆ ಹೆಚ್ಚು ಹಾನಿಯಾಗುವುದಾದರೆ ಆ ಕಾರ್ಯ ಸಲ್ಲದು. ಯುದ್ಧ ನ್ಯಾಯಸಮ್ಮತವೆನಿಸಬೇಕಾದರೆ ಯೋಗ್ಯ ಅಧಿಕಾರ, ನ್ಯಾಯವಾದ ಕಾರಣ ಮತ್ತು ಶುದ್ಧ ಉದ್ದೇಶ ಎಂಬ ಮೂರು ಇರಬೇಕೆಂದು ಹೇಳಿದವರೂ ಅವರೇ.

ಮೂರು ಶತಮಾನಗಳ ಬಳಿಕ ಸ್ಪೇನಿನ ಸಾಲಮಾಂಕಾ ವಿಶ್ವವಿದ್ಯಾಲಯದಲ್ಲಿ ದೊಮಿನಿಕನ್ ಸಂನ್ಯಾಸಿ ಫ್ರಾನ್ಸಿಸ್ಕೊ ದೆ ವಿತೋರಿಯಾ ಈ ಚರ್ಚೆಯನ್ನು ಗಡಿಯಾಚೆಗೆ ಒಯ್ದರು. ಅಮೆರಿಕದ ಮೂಲನಿವಾಸಿಗಳನ್ನು ಗೆಲ್ಲಲು ತನ್ನ ದೊರೆಗಳು ನೀಡುತ್ತಿದ್ದ ಸಮರ್ಥನೆಗಳಲ್ಲಿ ಹಲವನ್ನು ಅವರು 1539ರ ತಮ್ಮ ಉಪನ್ಯಾಸದಲ್ಲಿ ತಳ್ಳಿಹಾಕಿದರು. ಅನ್ಯಧರ್ಮೀಯರೆಂಬುದು ಯುದ್ಧಕ್ಕೆ ಕಾರಣವಾಗದು, ಜಗದ್ಗುರುಗಳ ಅಪ್ಪಣೆಯೂ ಕಾರಣವಾಗದು ಎಂದರು. ಆದರೆ ಒಂದು ಬಾಗಿಲನ್ನು ಮಾತ್ರ ತೆರೆದಿಟ್ಟರು: ಆಳುವವರೇ ನಿರಪರಾಧಿಗಳನ್ನು ಕೊಲ್ಲುತ್ತಿರುವಾಗ ಅವರನ್ನು ಉಳಿಸಲು ಹೊರಗಿನವರು ಬರಬಹುದು. ಪ್ರಿಯ ವಾಚಕರೇ, ಆ ಬಾಗಿಲಿನಿಂದ ರಕ್ಷಕರೂ ಪ್ರವೇಶಿಸಬಹುದು, ಕೊಳ್ಳೆಗಾರರೂ ಪ್ರವೇಶಿಸಬಹುದು. ಬಂದವನು ಯಾರೆಂದು ಗುರುತಿಸುವುದೇ ನಮ್ಮ ಕಷ್ಟ.

ಅಮೀನನ ಉಗಾಂಡ

ಈ ಸೂತ್ರಗಳನ್ನು ಇನ್ನು ನಮ್ಮ ಹಿರಿಯರು ಕಂಡ ನಾಡಿಗೆ ಅನ್ವಯಿಸಿ ನೋಡೋಣ. 1971ರ ಜನವರಿ 25ರಂದು, ಅಧ್ಯಕ್ಷ ಮಿಲ್ಟನ್ ಒಬೋಟೆ ಸಿಂಗಪುರದ ಕಾಮನ್‌ವೆಲ್ತ್ ಸಮ್ಮೇಳನಕ್ಕೆ ತೆರಳಿದ್ದಾಗ, ಸೇನಾಧಿಪತಿ ಇದಿ ಅಮೀನ್ ಅಧಿಕಾರವನ್ನು ಕಸಿದುಕೊಂಡ. ಒಬೋಟೆಯ ಆಡಳಿತದಿಂದ ಬೇಸತ್ತಿದ್ದ ಕಂಪಾಲಾದ ಜನ ಆ ದಿನ ಬೀದಿಗಿಳಿದು ಹರ್ಷಿಸಿದರು. ಆ ಹರ್ಷ ಹೆಚ್ಚು ದಿನ ಬಾಳಲಿಲ್ಲ. 1972ರ ಸೆಪ್ಟೆಂಬರಿನಲ್ಲಿ ದೇಶದ ಮುಖ್ಯ ನ್ಯಾಯಾಧೀಶರೂ ಕಥೋಲಿಕರೂ ಆಗಿದ್ದ ಬೆನೆಡಿಕ್ಟೋ ಕಿವಾನುಕ ಅವರನ್ನು ಸೈನಿಕರು ಉಚ್ಚ ನ್ಯಾಯಾಲಯದಿಂದಲೇ ಎಳೆದೊಯ್ದರು. ಅವರು ಮರಳಿ ಬರಲಿಲ್ಲ. 1973ರ ಜನವರಿಯಲ್ಲಿ ‘ಮುನ್ನೋ’ ಎಂಬ ಕಥೋಲಿಕ ಪತ್ರಿಕೆಯ ಸಂಪಾದಕರಾಗಿದ್ದ ಧರ್ಮಗುರು ಕ್ಲೆಮೆಂಟ್ ಕಿಗ್ಗುಂಡು ಅವರ ಶವ ಸುಟ್ಟ ಕಾರಿನಲ್ಲಿ ದೊರೆಯಿತು. ಪತ್ರಿಕೆಗೆ ಬರೆಯುವ ಧರ್ಮಗುರುವಾದ ನನಗೆ ಆ ಹೆಸರನ್ನು ದಾಟಿ ಮುಂದೆ ಹೋಗುವುದು ಸುಲಭವಲ್ಲ. 1977ರ ಫೆಬ್ರವರಿಯಲ್ಲಿ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷ ಜನಾನಿ ಲುವುಮ್ ಅವರನ್ನು ಕೊಂದು, ಕಾರು ಅಪಘಾತವೆಂದು ಸರ್ಕಾರ ಸಾರಿತು. ಅಮೀನನ ಎಂಟು ವರ್ಷಗಳ ಆಳ್ವಿಕೆಯಲ್ಲಿ ಸತ್ತವರು ಎಷ್ಟು ಎಂಬುದಕ್ಕೆ ನಿಖರವಾದ ಲೆಕ್ಕವಿಲ್ಲ. ಹೆಚ್ಚಾಗಿ ಉಲ್ಲೇಖವಾಗುವ ಅಂದಾಜು 3 ಲಕ್ಷ.

ಜಗತ್ತು ಏನು ಮಾಡಿತು? 1975ರಲ್ಲಿ ಆಫ್ರಿಕ ಏಕತಾ ಸಂಘಟನೆ ತನ್ನ ವಾರ್ಷಿಕ ಶೃಂಗಸಭೆಯನ್ನು ಕಂಪಾಲಾದಲ್ಲೇ ನಡೆಸಿ, ಅಮೀನನನ್ನು ಒಂದು ವರ್ಷದ ಮಟ್ಟಿಗೆ ತನ್ನ ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿತು. ಆ ಸಭೆಗೆ ಹೋಗಲು ನಿರಾಕರಿಸಿದವರಲ್ಲಿ ತಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನೈರೆರೆ ಒಬ್ಬರು.

ಉಪಾಧ್ಯಾಯರ ಯುದ್ಧ

ನೈರೆರೆ ವೃತ್ತಿಯಿಂದ ಉಪಾಧ್ಯಾಯರು. ಕಥೋಲಿಕ ಶಾಲೆಗಳಲ್ಲಿ ಪಾಠ ಹೇಳಿದವರು, ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ಸ್ವಾಹಿಲಿ ಭಾಷೆಗೆ ತಂದವರು. ಅವರ ಜನ ಅವರನ್ನು ಕರೆಯುತ್ತಿದ್ದುದು ‘ಮ್ವಾಲಿಮು’ ಎಂದು, ಅಂದರೆ ಗುರು. ಭಕ್ತ ಕಥೋಲಿಕರಾಗಿದ್ದ ಅವರನ್ನು ಪುನೀತರ ಸಾಲಿಗೆ ಸೇರಿಸುವ ಪ್ರಕ್ರಿಯೆ 2005ರಲ್ಲಿ ಆರಂಭವಾಯಿತು. ಇಂತಹ ವ್ಯಕ್ತಿಯೊಬ್ಬರು ನೆರೆರಾಷ್ಟ್ರದ ರಾಜಧಾನಿಯವರೆಗೆ ಸೈನ್ಯವನ್ನು ನಡೆಸಿದರು ಎಂಬುದರಿಂದಲೇ ಈ ಪ್ರಕರಣ ನಮ್ಮ ಆಳವಾದ ವಿಚಾರಕ್ಕೆ ಅರ್ಹವಾಗಿದೆ.

1978ರ ಅಕ್ಟೋಬರ್ ಕೊನೆಯಲ್ಲಿ ಅಮೀನನ ಸೈನ್ಯ ತಾಂಜಾನಿಯಾದ ಗಡಿಯೊಳಗೆ ನುಗ್ಗಿ, ಕಗೇರಾ ನದಿಯ ಉತ್ತರಕ್ಕಿರುವ ಸುಮಾರು 1,800 ಚದರ ಕಿಲೋಮೀಟರ್ ಪ್ರದೇಶವನ್ನು ಆಕ್ರಮಿಸಿತು. ಹಳ್ಳಿಗಳು ಸೂರೆಯಾದವು, ಅನೇಕ ನಾಗರಿಕರು ಹತರಾದರು, ಕ್ಯಾಕಾ ಎಂಬಲ್ಲಿದ್ದ ಸೇತುವೆಯನ್ನು ಸ್ಫೋಟಿಸಲಾಯಿತು. ಆ ಭೂಭಾಗ ಇನ್ನು ಉಗಾಂಡಕ್ಕೆ ಸೇರಿದ್ದೆಂದು ಅಮೀನ್ ಘೋಷಿಸಿದ. ನವೆಂಬರ್ ಆರಂಭದಲ್ಲಿ ನೈರೆರೆ ತಮ್ಮ ಜನರನ್ನು ಉದ್ದೇಶಿಸಿ, ಅವನನ್ನು ಹೊಡೆಯುವ ಸಾಮರ್ಥ್ಯ, ಕಾರಣ ಮತ್ತು ಸಂಕಲ್ಪ ಈ ಮೂರೂ ತಮಗಿವೆ ಎಂಬರ್ಥದ ಮಾತನ್ನಾಡಿದರು. ಇದನ್ನು ಓದಿದಾಗಲೆಲ್ಲ ಥಾಮಸರ ಮೂರು ಲಕ್ಷಣಗಳು ನನ್ನ ನೆನಪಿಗೆ ಬರುತ್ತವೆ. ಕಾರಣವೆಂಬುದು ಎರಡೂ ಪಟ್ಟಿಗಳಲ್ಲಿದೆ. ಅಧಿಕಾರದ ಸ್ಥಾನದಲ್ಲಿ ಸಾಮರ್ಥ್ಯವಿದೆ, ಶುದ್ಧ ಉದ್ದೇಶದ ಸ್ಥಾನದಲ್ಲಿ ಸಂಕಲ್ಪವಿದೆ. ಧರ್ಮಶಾಸ್ತ್ರಜ್ಞನ ಪಟ್ಟಿಗೂ ರಾಜ್ಯವಾಳುವವನ ಪಟ್ಟಿಗೂ ನಡುವೆ ಇರುವ ಈ ಅಂತರದಲ್ಲೇ ನಮ್ಮ ಪ್ರಶ್ನೆ ಅಡಗಿದೆ.

ಕಳೆದುಕೊಂಡ ನೆಲವನ್ನು ತಾಂಜಾನಿಯಾ ಮರಳಿ ಪಡೆದುದು ಆತ್ಮರಕ್ಷಣೆ. ಅದರ ಬಗೆಗೆ ಯಾರದೂ ತಕರಾರಿರಲಿಲ್ಲ. ಆದರೆ 1979ರ ಜನವರಿಯಲ್ಲಿ ಅದರ ಸೈನಿಕರು ಗಡಿಯನ್ನು ದಾಟಿದರು. ಫೆಬ್ರವರಿಯಲ್ಲಿ ಮಸಾಕಾ ಪಟ್ಟಣ ಅವರ ವಶವಾಯಿತು. ಅಮೀನನನ್ನು ಉಳಿಸಲು ಲಿಬಿಯಾದ ಗದ್ದಾಫಿ ಕಳುಹಿಸಿದ ಪಡೆಯೂ ಸೋತಿತು. ಏಪ್ರಿಲ್ 11ರಂದು ಕಂಪಾಲಾ ಬಿದ್ದಿತು, ಅಮೀನ್ ದೇಶ ಬಿಟ್ಟು ಪಲಾಯನ ಮಾಡಿದ. ಜನ ಮತ್ತೊಮ್ಮೆ ಬೀದಿಗಿಳಿದು ಹರ್ಷಿಸಿದರು.

ಅದೇ ವರ್ಷದ ಜುಲೈಯಲ್ಲಿ ಮನ್ರೋವಿಯಾದಲ್ಲಿ ಸೇರಿದ ಆಫ್ರಿಕ ಏಕತಾ ಸಂಘಟನೆಯ ಸಭೆಯಲ್ಲಿ ಸೂಡಾನ್ ಮತ್ತು ನೈಜೀರಿಯಾಗಳ ನಾಯಕರು ತಾಂಜಾನಿಯಾವನ್ನು ಖಂಡಿಸಿದರು. ನೈರೆರೆಯವರ ಸಮಾಧಾನ ಹೀಗಿತ್ತು: ನಡೆದದ್ದು ಎರಡು ಯುದ್ಧಗಳು, ಆಕ್ರಮಣಕಾರನನ್ನು ಹೊರದೂಡಿದ್ದು ತಾಂಜಾನಿಯಾದ ಯುದ್ಧ, ಅಮೀನನನ್ನು ಇಳಿಸಿದ್ದು ಉಗಾಂಡದವರ ಯುದ್ಧ. ಗಡೀಪಾರಾಗಿದ್ದ ಉಗಾಂಡದವರ ಪಡೆಗಳು ಜೊತೆಗಿದ್ದುದು ನಿಜ. ಆದರೆ ಕಾದಾಟದ ಮುಖ್ಯ ಭಾರವನ್ನು ಹೊತ್ತವರು ತಾಂಜಾನಿಯಾದ ಸೈನಿಕರೇ ಎಂಬುದು ಎಲ್ಲರಿಗೂ ತಿಳಿದಿತ್ತು.

ಗೆದ್ದ ಮರುದಿನ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಮ್ಮಲ್ಲಿದೆ. ಸರ್ವಾಧಿಕಾರಿಯ ಸಿಂಹಾಸನವನ್ನು ಒಡೆಯಲು ಕೆಲವೇ ತಿಂಗಳು ಸಾಕಾದವು. ಅದರ ಸ್ಥಳದಲ್ಲಿ ಒಂದು ರಾಜ್ಯವನ್ನು ಕಟ್ಟುವ ಕೆಲಸ ಹಾಗಲ್ಲ. ಗಡೀಪಾರಾದವರ ಗುಂಪುಗಳನ್ನು 1979ರ ಮಾರ್ಚ್‌ನಲ್ಲಿ, ಅಂದರೆ ರಾಜಧಾನಿ ಬೀಳುವುದಕ್ಕೆ ಕೆಲವೇ ವಾರಗಳ ಮುಂಚೆ, ಮೋಶಿ ಪಟ್ಟಣದಲ್ಲಿ ತರಾತುರಿಯಿಂದ ಒಂದುಗೂಡಿಸಲಾಯಿತು. ಅಲ್ಲಿ ಆಯ್ಕೆಯಾದ ಯೂಸುಫ್ ಲುಲೆ ಅಧ್ಯಕ್ಷರಾಗಿ ಉಳಿದದ್ದು 68 ದಿನ. ಅವರ ಸ್ಥಾನಕ್ಕೆ ಬಂದ ಗಾಡ್‌ಫ್ರೀ ಬಿನೈಸಾ ಒಂದು ವರ್ಷವನ್ನೂ ಪೂರೈಸಲಿಲ್ಲ. 1980ರ ಡಿಸೆಂಬರಿನಲ್ಲಿ ನಡೆದ, ಅಕ್ರಮದ ಆರೋಪ ಹೊತ್ತ ಚುನಾವಣೆಯಲ್ಲಿ ಮರಳಿ ಬಂದವರು ಯಾರು? ಯಾರ ಪತನಕ್ಕೆ ಜನ 1971ರಲ್ಲಿ ಹರ್ಷಿಸಿದ್ದರೋ ಅದೇ ಮಿಲ್ಟನ್ ಒಬೋಟೆ; ನೈರೆರೆಯವರ ಹಳೆಯ ಮಿತ್ರರು, ಅಷ್ಟೂ ವರ್ಷ ಅವರ ಆಶ್ರಯದಲ್ಲಿದ್ದವರು.

ಅನಂತರ ಲುವೇರೊ ಪ್ರದೇಶದಲ್ಲಿ ಯೊವೆರಿ ಮುಸೆವೆನಿ ಅವರ ಬಂಡುಕೋರರಿಗೂ ಸರ್ಕಾರಿ ಸೇನೆಗೂ ನಡೆದ ಯುದ್ಧದಲ್ಲಿ ಅಪಾರ ಸಂಖ್ಯೆಯ ಹಳ್ಳಿಗರು ಪ್ರಾಣ ಕಳೆದುಕೊಂಡರು. ನಮ್ಮ ಹಿರಿಯರಿಗೆ ಬಂದ ಕಾಗದ ಆ ದಿನಗಳದ್ದು. 1986ರ ಜನವರಿಯಲ್ಲಿ ಮುಸೆವೆನಿ ಕಂಪಾಲಾವನ್ನು ವಶಪಡಿಸಿಕೊಂಡ ಮೇಲೆಯೇ ದಕ್ಷಿಣ ಉಗಾಂಡದ ಜನ ತಕ್ಕಮಟ್ಟಿಗೆ ನೆಮ್ಮದಿಯ ಉಸಿರೆಳೆದರು. ಸಿರಾಕ್ಯೂಸಿನ ವೃದ್ಧೆ ಕಂಪಾಲಾದಲ್ಲಿ ಹುಟ್ಟಿದ್ದರೆ ತನ್ನ ಮಾತನ್ನು ಒಂದಿಷ್ಟೂ ಬದಲಿಸಬೇಕಾಗಿರಲಿಲ್ಲ.

ತಾಂಜಾನಿಯಾ ತೆತ್ತ ಬೆಲೆಯೂ ಅಲ್ಪವಲ್ಲ. ಆ ಬಡ ರಾಷ್ಟ್ರಕ್ಕೆ ಯುದ್ಧದಿಂದ ಸುಮಾರು 50 ಕೋಟಿ ಡಾಲರ್ ಹೊರೆ ಬಿದ್ದಿತೆಂದು ಅಂದಾಜು. ಅಮೀನನ ಪತನಕ್ಕೆ ಚಪ್ಪಾಳೆ ತಟ್ಟಿದ ಸಂಪನ್ನ ರಾಷ್ಟ್ರಗಳು ಆ ಹೊರೆಗೆ ಹೆಗಲು ಕೊಡಲಿಲ್ಲ. 1981ರಲ್ಲಿ ತಾಂಜಾನಿಯಾ ತನ್ನ ಸೈನಿಕರನ್ನು ಹಿಂದಕ್ಕೆ ಕರೆಸಿಕೊಂಡಿತು.

ನಮ್ಮ ದೇಶದ 1971ರ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಪೂರ್ವ ಪಾಕಿಸ್ತಾನದಲ್ಲಿ ಸೇನಾ ಆಡಳಿತ ನಡೆಸಿದ ನರಮೇಧದಿಂದ ಸುಮಾರು 1 ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಡಿಸೆಂಬರ್ 3ರಂದು ಪಾಕಿಸ್ತಾನದ ವಾಯುದಾಳಿಯೊಡನೆ ಆರಂಭವಾದ ಯುದ್ಧ 16ರಂದು ಮುಗಿಯಿತು. 1972ರ ಮಾರ್ಚ್ ವೇಳೆಗೆ ಭಾರತದ ಸೇನೆ ಹಿಂದಿರುಗಿತ್ತು. ಹಾಗೆ ಹಿಂದಿರುಗಲು ಸಾಧ್ಯವಾದುದಕ್ಕೆ ಒಂದು ಮುಖ್ಯ ಕಾರಣ, 1970ರ ಚುನಾವಣೆಯಲ್ಲಿ ಅಲ್ಲಿಯ ಜನರೇ ಆರಿಸಿದ ನಾಯಕತ್ವವೊಂದು ಸಿದ್ಧವಾಗಿದ್ದುದು. ಉಗಾಂಡದಲ್ಲಿ ಅಂತಹ ನಾಯಕತ್ವವಿರಲಿಲ್ಲ. ಆದರೂ 1975ರಲ್ಲಿ ಬಾಂಗ್ಲಾದೇಶದ ಸಂಸ್ಥಾಪಕ ಮುಜಿಬುರ್ ರಹಮಾನ್ ತಮ್ಮದೇ ಸೈನಿಕರ ಗುಂಡಿಗೆ ಬಲಿಯಾದರೆಂಬುದನ್ನು ನೆನೆದಾಗ, ಹೊರಗಿನ ಸೈನ್ಯ ಎಷ್ಟು ಚೆನ್ನಾಗಿ ಗೆದ್ದರೂ ಅದು ಕೊಡಲಾರದ ವಸ್ತುವೊಂದಿದೆ ಎಂಬುದು ಮನವರಿಕೆಯಾಗುತ್ತದೆ.

ಅದೇ ನದಿ, 1994

ಹಾಗಾದರೆ ವೃದ್ಧೆಯ ಮಾತೇ ಕೊನೆಯ ಮಾತೇ? ಯಾರೂ ಗಡಿ ದಾಟದಿರುವುದೇ ಕ್ಷೇಮವೇ? ಹಾಗೆಂದು ಮುಗಿಸಲು ಅದೇ ಕಗೇರಾ ನದಿ ನಮ್ಮನ್ನು ಬಿಡುವುದಿಲ್ಲ. ಉಗಾಂಡದ ಅಂಚಿಗೆ ಬರುವ ಮುನ್ನ ಆ ನದಿ ರುವಾಂಡ ಮತ್ತು ತಾಂಜಾನಿಯಾಗಳ ಗಡಿಯಾಗಿ ಹರಿಯುತ್ತದೆ. 1994ರ ಏಪ್ರಿಲಿನಿಂದ ಜುಲೈವರೆಗೆ, ಸುಮಾರು ನೂರು ದಿನಗಳಲ್ಲಿ, ರುವಾಂಡದ ಅಧಿಕಾರಾರೂಢರೇ ಪ್ರಚೋದಿಸಿ ಸಂಘಟಿಸಿದ ನರಮೇಧದಲ್ಲಿ ಸುಮಾರು 8 ಲಕ್ಷ ಜನರು ಹತರಾದರು. ಸತ್ತವರಲ್ಲಿ ಬಹುಪಾಲು ತುತ್ಸಿಗಳು. ಅವರನ್ನು ರಕ್ಷಿಸಹೋದ ಹುತುಗಳೂ ಸೇರಿದ್ದರು. ನದಿಗೆ ಎಸೆದ ಸಾವಿರಾರು ಶವಗಳು ಕಗೇರಾದಲ್ಲಿ ತೇಲುತ್ತ ವಿಕ್ಟೋರಿಯಾ ಸರೋವರವನ್ನು ಸೇರಿದವು. ಉಗಾಂಡದ ದಡದ ಬೆಸ್ತರು ಅವುಗಳನ್ನು ಎತ್ತಿ ಹೂಳಿದರು. ಸರೋವರದ ಮೀನನ್ನು ತಿನ್ನಲು ಜನ ಹೆದರಿದರು.

ಆಗ ರುವಾಂಡದಲ್ಲಿ ವಿಶ್ವಸಂಸ್ಥೆಯ ಸುಮಾರು 2,500 ಶಾಂತಿಪಾಲಕರಿದ್ದರು. ಹತ್ತು ಮಂದಿ ಬೆಲ್ಜಿಯನ್ ಸೈನಿಕರು ಕೊಲೆಯಾದ ಮೇಲೆ, ಏಪ್ರಿಲ್ 21ರಂದು ಭದ್ರತಾ ಮಂಡಳಿಯು ಆ ಪಡೆಯನ್ನು 270ಕ್ಕೆ ಇಳಿಸಲು ನಿರ್ಣಯಿಸಿತು. ಪಾಶ್ಚಾತ್ಯ ರಾಷ್ಟ್ರಗಳ ವಿಮಾನಗಳು ಬಂದವು, ತಮ್ಮ ಪ್ರಜೆಗಳನ್ನು ಹತ್ತಿಸಿಕೊಂಡು ಹೋದವು. ಕೊನೆಗೆ ಆ ನರಮೇಧವನ್ನು ನಿಲ್ಲಿಸಿದ್ದು ನಿರ್ಣಯಗಳಲ್ಲ. ಉಗಾಂಡದಿಂದ ಹೊರಟ ರುವಾಂಡದವರದೇ ಸಶಸ್ತ್ರ ಪಡೆ. ಶಸ್ತ್ರದಿಂದ ಏನೂ ಒಳಿತಾಗದು ಎನ್ನುವವರು ಈ ಸತ್ಯವನ್ನು ಎದುರಿಸಲೇಬೇಕು.

ಆ ವರ್ಷ ನಾನು ಗುರುಮಠದ ವಿದ್ಯಾರ್ಥಿಯಾಗಿದ್ದೆ. ನ್ಯಾಯಸಮ್ಮತ ಯುದ್ಧದ ಪಾಠವನ್ನು ಟಿಪ್ಪಣಿ ಪುಸ್ತಕದಲ್ಲಿ ಅಂದವಾಗಿ ಬರೆದುಕೊಂಡೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೂ ಬಂದವು. ಅದೇ ದಿನಗಳಲ್ಲಿ, ಬಹುಸಂಖ್ಯಾತರು ಕಥೋಲಿಕರಾಗಿದ್ದ ಒಂದು ನಾಡಿನಲ್ಲಿ, ಚರ್ಚುಗಳೊಳಗೆ ಆಶ್ರಯ ಪಡೆದವರನ್ನು ಅಲ್ಲಿಯೇ ಕೊಲ್ಲಲಾಗುತ್ತಿತ್ತು. ಕೊಂದವರ ಪಕ್ಷ ವಹಿಸಿದವರಲ್ಲಿ ಧರ್ಮಗುರುಗಳೂ ಇದ್ದರು. 2017ರ ಮಾರ್ಚ್‌ನಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಧರ್ಮಸಭೆಯ ಮತ್ತು ಅದರ ಸದಸ್ಯರ ಆ ಪಾಪಕ್ಕಾಗಿ ದೇವರ ಕ್ಷಮೆ ಬೇಡಿದರು. ಗಡಿ ದಾಟದಿರುವುದು ಕೂಡ ಒಂದು ಕೃತ್ಯವೇ ಎಂಬುದನ್ನು ನನಗೆ ಕಲಿಸಿದ್ದು ಪಠ್ಯಪುಸ್ತಕವಲ್ಲ, ಆ ನದಿ.

ಗೆತ್ಸೆಮನೆಯ ತೋಪಿನಲ್ಲಿ ಪೇತ್ರನಿಗೆ ಖಡ್ಗವನ್ನು ಒರೆಗೆ ಸೇರಿಸಲು ಯೇಸುಸ್ವಾಮಿ ಹೇಳಿದರಲ್ಲವೇ ಎಂದು ಕೆಲವರು ಕೇಳುವುದುಂಟು. ಹೌದು. ಅವರು ಅಂದು ತಡೆದದ್ದು ತಮ್ಮನ್ನು ಉಳಿಸಲು ಎತ್ತಿದ ಖಡ್ಗವನ್ನು. ತನ್ನ ಪ್ರಾಣವನ್ನು ಬಿಟ್ಟುಕೊಡುವ ಸ್ವಾತಂತ್ರ್ಯ ನನಗಿದೆ. ನೆರೆಯವನ ಪ್ರಾಣವನ್ನು ಅವನ ಪರವಾಗಿ ಬಿಟ್ಟುಕೊಡುವ ಸ್ವಾತಂತ್ರ್ಯ ನನಗೆ ಎಲ್ಲಿಂದ ಬಂತು? ಸ್ವರಕ್ಷಣೆಗಾಗಿ ಖಾಸಗಿ ವ್ಯಕ್ತಿ ಕೊಲ್ಲುವುದನ್ನು ಒಪ್ಪಲು ಹಿಂಜರಿದ ಸಂತ ಅಗಸ್ಟೀನರು, ಇತರರ ರಕ್ಷಣೆಗಾಗಿ ಸಾರ್ವಜನಿಕ ಅಧಿಕಾರವು ಬಲ ಪ್ರಯೋಗಿಸುವುದನ್ನು ಒಪ್ಪಿದ್ದು ಈ ಕಾರಣದಿಂದಲೇ.

ಬಗ್ದಾದಿನ ಪಾಠ

ಇನ್ನೊಂದು ತುದಿಯಲ್ಲಿ ಇರಾಕ್ ಇದೆ. ಸದ್ದಾಂ ಹುಸೇನ್ ಕ್ರೂರಿಯೆಂಬುದರಲ್ಲಿ ಸಂದೇಹವಿಲ್ಲ. 1988ರ ಮಾರ್ಚ್‌ನಲ್ಲಿ ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲ ಸುರಿಸಿ ಸುಮಾರು 5,000 ಕುರ್ದರನ್ನು ಕೊಲ್ಲಲಾಯಿತು. ಅಂದು ಅವರ ಪ್ರಾಣರಕ್ಷಣೆಗೆ ಯಾರೂ ಬರಲಿಲ್ಲ. ಇರಾನಿನ ವಿರುದ್ಧ ಸದ್ದಾಂ ಆಗ ಹಲವು ಬಲಿಷ್ಠ ರಾಷ್ಟ್ರಗಳಿಗೆ ಬೇಕಾದವನಾಗಿದ್ದ. ಅಮೆರಿಕದ ನೇತೃತ್ವದ ಸೈನ್ಯ ಬಂದದ್ದು ಹದಿನೈದು ವರ್ಷಗಳ ಅನಂತರ, 2003ರ ಮಾರ್ಚ್‌ನಲ್ಲಿ, ಸಾಮೂಹಿಕ ನಾಶದ ಅಸ್ತ್ರಗಳಿವೆಯೆಂಬ ಕಾರಣ ನೀಡಿ. ಅಸ್ತ್ರಗಳು ಸಿಗಲಿಲ್ಲ. ಆ ಯುದ್ಧವನ್ನು ತಡೆಯಲು ಜಗದ್ಗುರು ಎರಡನೇ ಜಾನ್ ಪೌಲರು ಕಾರ್ಡಿನಲ್ ಎಚೆಗರೆ ಅವರನ್ನು ಬಗ್ದಾದಿಗೂ ಕಾರ್ಡಿನಲ್ ಪಿಯೊ ಲಾಗಿ ಅವರನ್ನು ವಾಷಿಂಗ್ಟನ್ನಿಗೂ ಕಳುಹಿಸಿದ್ದರು. ಅವರ ಮಾತು ಪುರಸ್ಕೃತವಾಗಲಿಲ್ಲ.

ಮೂರು ವಾರಗಳಲ್ಲಿ ಬಗ್ದಾದ್ ಬಿದ್ದಿತು. ಮೇ ತಿಂಗಳಲ್ಲಿ ಇರಾಕಿನ ಸೇನೆಯನ್ನೇ ವಿಸರ್ಜಿಸಲಾಯಿತು. ಕೈಯಲ್ಲಿ ಬಂದೂಕಿದ್ದೂ ಸಂಬಳವಿಲ್ಲದ ಲಕ್ಷಾಂತರ ಜನರು ಬೀದಿಗೆ ಬಿದ್ದರು. ಅಲ್ಲಿಂದಾಚೆಗಿನ ಹಿಂಸೆಯಲ್ಲಿ ಎಲ್ಲ ಸಮುದಾಯಗಳೂ ನರಳಿದವು, ನಮ್ಮ ಸಹೋದರರೂ ನರಳಿದರು. 2008ರಲ್ಲಿ ಮೋಸುಲ್‌ನ ಕಾಲ್ಡಿಯನ್ ಮಹಾಧರ್ಮಾಧ್ಯಕ್ಷ ಪೌಲೋಸ್ ಫರಾಜ್ ರಾಹೊ ಅಪಹೃತರಾಗಿ ಶವವಾಗಿ ದೊರೆತರು. 2010ರ ಅಕ್ಟೋಬರ್ 31ರ ಭಾನುವಾರ ಬಗ್ದಾದಿನ ಒಂದು ಪ್ರಧಾನಾಲಯದಲ್ಲಿ ಬಲಿಪೂಜೆ ನಡೆಯುತ್ತಿದ್ದಾಗಲೇ ಉಗ್ರರು ನುಗ್ಗಿ ಐವತ್ತಕ್ಕೂ ಹೆಚ್ಚು ಜನರ ಸಾವಿಗೆ ಕಾರಣರಾದರು. ಯುದ್ಧಕ್ಕೆ ಮೊದಲು ಹತ್ತು ಲಕ್ಷಕ್ಕೂ ಮೀರಿದ್ದರೆನ್ನಲಾದ ಇರಾಕಿನ ಕ್ರೈಸ್ತರಲ್ಲಿ ಬಹುಪಾಲು ತಾಯ್ನಾಡನ್ನು ತೊರೆದರು.

2011ರಲ್ಲಿ ಲಿಬಿಯಾದಲ್ಲಿ ನಡೆದದ್ದು ಇದಕ್ಕಿಂತ ಸೂಕ್ಷ್ಮವಾದುದು. ನಾಗರಿಕರನ್ನು ರಕ್ಷಿಸಲು ಭದ್ರತಾ ಮಂಡಳಿ ಅನುಮತಿ ನೀಡಿತು. ಭಾರತ ಮತದಾನದಿಂದ ದೂರವುಳಿಯಿತು. ರಕ್ಷಣೆಗೆಂದು ಆರಂಭವಾದ ವಾಯುದಾಳಿ ಆಡಳಿತವನ್ನು ಉರುಳಿಸುವವರೆಗೆ ಮುಂದುವರಿದು, ಹಿಂದೆ ಅಮೀನನಿಗೆ ಸೈನ್ಯ ಕಳುಹಿಸಿದ್ದ ಗದ್ದಾಫಿ ಅಕ್ಟೋಬರಿನಲ್ಲಿ ಹತನಾದ. ಬಾಂಬು ಹಾಕಿದವರು ಹಿಂದಿರುಗಿದರು. ಲಿಬಿಯಾ ಒಡೆದು ಹೋಯಿತು.

ತೂಗಿ ನೋಡುವ ಬಗೆ

ಈ ಎಲ್ಲ ಪ್ರಸಂಗಗಳನ್ನು ಎದುರಿಗಿಟ್ಟುಕೊಂಡು ನಾನು ತಲುಪಿರುವ ತೀರ್ಮಾನ ಇಷ್ಟು. ಸರ್ವಾಧಿಕಾರಿ ಎಷ್ಟು ಕೆಟ್ಟವನು ಎಂಬುದು ಯುದ್ಧಕ್ಕೆ ಸಾಲುವ ಕಾರಣವಲ್ಲ. ಹಾಗಾದರೆ ಬಲಿಷ್ಠ ರಾಷ್ಟ್ರಗಳು ತಮಗೆ ಬೇಡವಾದ ಕೆಟ್ಟವರನ್ನು ಮಾತ್ರ ಆರಿಸಿ ದಂಡಿಸುತ್ತವೆ, ಬೇಕಾದ ಕೆಟ್ಟವರನ್ನು ಪೋಷಿಸುತ್ತವೆ. ಕೇಳಬೇಕಾದ ಮೊದಲ ಪ್ರಶ್ನೆ, ಕೊಲೆ ಈಗ ನಡೆಯುತ್ತಿದೆಯೇ ಅಥವಾ ಹೊಸ್ತಿಲಲ್ಲಿ ನಿಂತಿದೆಯೇ ಎಂಬುದು. ಸತ್ತವರ ಹೆಸರಿನಲ್ಲಿ ಹದಿನೈದು ವರ್ಷಗಳ ಬಳಿಕ ಹೊರಡುವ ಸೈನ್ಯ ಯಾರನ್ನೂ ಉಳಿಸುವುದಿಲ್ಲ. ಎರಡನೆಯದು, ಬೇರೆ ಮಾರ್ಗಗಳೆಲ್ಲ ನಿಜವಾಗಿಯೂ ಮುಚ್ಚಿವೆಯೇ? ಮೂರನೆಯದು, ನಮ್ಮನ್ನು ಕರೆಯುತ್ತಿರುವವರು ಯಾರು? ಪೀಡಿತ ಜನರೇ, ಅವರ ಮನ್ನಣೆಯುಳ್ಳ ನಾಯಕರೇ, ಅಥವಾ ನಮ್ಮದೇ ಲಾಭವೇ? ನಾಲ್ಕನೆಯದು, ಗೆದ್ದ ಮರುದಿನದ ಸಾಲವನ್ನು ತೀರಿಸುವ ತನಕ ಉಳಿದು ದುಡಿಯಲು, ತೀರಿದ ಮೇಲೆ ಹೊರಡಲು ನಾವು ಸಿದ್ಧರೇ?

1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಯುದ್ಧಕ್ಕೆ ವಿಧಿಸುವ ನಿಬಂಧನೆಗಳು ಇವಕ್ಕಿಂತ ಸಡಿಲವಾದುವಲ್ಲ. ತೊಲಗಿಸಹೊರಟ ಕೇಡಿಗಿಂತ ದೊಡ್ಡ ಕೇಡು ಹುಟ್ಟಬಾರದೆಂಬುದು ಅವುಗಳಲ್ಲೊಂದು. ಇಂದಿನ ಶಸ್ತ್ರಾಸ್ತ್ರಗಳ ಕಾಲದಲ್ಲಿ ನ್ಯಾಯಸಮ್ಮತ ಯುದ್ಧದ ಮಾತನ್ನಾಡುವುದೇ ಬಹು ಕಷ್ಟವೆಂದು ಜಗದ್ಗುರು ಫ್ರಾನ್ಸಿಸ್ 2020ರ ತಮ್ಮ ವಿಶ್ವಪತ್ರದಲ್ಲಿ ಎಚ್ಚರಿಸಿದ್ದಾರೆ. ಈ ಎಚ್ಚರಿಕೆಯನ್ನು ನಾನು ಶಿರಸಾ ವಹಿಸುತ್ತೇನೆ. ಅದರೊಡನೆಯೇ, ಕಗೇರಾದ ದಡದಲ್ಲಿ ಶವಗಳನ್ನು ಎತ್ತಿದ ಬೆಸ್ತರನ್ನೂ ಮರೆಯಲಾರೆ. ಆಫ್ರಿಕದವರೂ ಅದನ್ನು ಮರೆಯಲಿಲ್ಲ. ಹಳೆಯ ಸಂಘಟನೆಯ ಸ್ಥಾನದಲ್ಲಿ 2002ರಲ್ಲಿ ಕಾರ್ಯಾರಂಭ ಮಾಡಿದ ಆಫ್ರಿಕ ಒಕ್ಕೂಟವು, ನರಮೇಧದಂತಹ ಘೋರ ಅಪರಾಧಗಳು ನಡೆದಾಗ ಸದಸ್ಯ ರಾಷ್ಟ್ರದೊಳಗೆ ಪ್ರವೇಶಿಸುವ ಹಕ್ಕನ್ನು ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ಒಬ್ಬನೇ ನೆರೆಯವನ ಮನಸ್ಸಿಗೆ ಬಿಡದೆ ಎಲ್ಲರೂ ಕೂಡಿ ನಿರ್ಣಯಿಸುವ ಆ ಮಾರ್ಗವೇ ಥಾಮಸರು ಹೇಳಿದ ಸಾರ್ವಜನಿಕ ಅಧಿಕಾರಕ್ಕೆ ಹತ್ತಿರವಾದುದು. ಬರೆದುದನ್ನು ಆಚರಿಸುವ ಧೈರ್ಯ ಬೇರೆಯ ಮಾತು.

ನೈರೆರೆಯವರನ್ನು ಈ ತಕ್ಕಡಿಯಲ್ಲಿಟ್ಟರೆ? ಅವರ ಕಾರಣ ನ್ಯಾಯವಾಗಿತ್ತು. ಕೊಲೆಗಾರ ಅವರ ಮನೆಯ ಬಾಗಿಲನ್ನೇ ಒಡೆದಿದ್ದ. ಅವರ ಉದ್ದೇಶದಲ್ಲಿ ಮಿತ್ರನ ಮೇಲಣ ಮಮತೆಯ ಕಲಬೆರಕೆಯಿತ್ತು. ಮರುದಿನದ ಸಾಲವನ್ನು ಹೊರಲು ಅವರ ಬಡ ದೇಶ ಯತ್ನಿಸಿತು, ಸೋತಿತು. ಅವರು ಮಾಡಿದ್ದು ಸರಿಯೆಂದೇ ನನ್ನ ನಂಬಿಕೆ; ಸರಿಯಾದ ಕೆಲಸವೂ ಅಪೂರ್ಣವಾಗಿ ಉಳಿದೀತೆಂಬುದಕ್ಕೆ ಅದು ಸಾಕ್ಷಿ.

ಕಳೆದ ಭಾನುವಾರ ಆ ಹಿರಿಯರ ಬಳಿ ಜಗಲಿಯಲ್ಲಿ ಕುಳಿತು ಇಷ್ಟನ್ನೇ ಹೇಳಿದೆ. “ನೀವು ಹಚ್ಚಿದ ಮೇಣದಬತ್ತಿ ತಪ್ಪಲ್ಲ. ಆದರೆ ಕಂಪಾಲಾ ಬಿದ್ದ ದಿನ ಜಗತ್ತೆಲ್ಲ ಒಂದು ಬತ್ತಿ ಹಚ್ಚಿ ಮನೆಗೆ ಹೋಯಿತು. ಮರುದಿನ ಯಾರೂ ಬರಲಿಲ್ಲ.” ಅವರು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ಆ ಸ್ನೇಹಿತನ ಮಗನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕೈಗಿತ್ತು, ನಾಳೆ ಬೆಳಗಿನ ಬಲಿಪೂಜೆಯಲ್ಲಿ ಅವನಿಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡರು. ಮರುದಿನ ಬೆಳಿಗ್ಗೆ ಪೀಠದಲ್ಲಿ ಆ ಹೆಸರನ್ನು ಓದಿದೆ.